ನಾಲ್ಕು ಸಣ್ಣ ಚಮಚ

ಮನೆಯಿಂದ,
ಹದಿನಾಲ್ಕನೆಯ ತಾರೀಖು, ಭಾನುವಾರ,
ಮಧ್ಯಾಹ್ನದ ಊಟದ ಅನಂತರ

ಪ್ರೀತಿಯ ಮಗನಿಗೆ,

ಅಮ್ಮನ ಆಶೀರ್ವಾದಗಳು. ಹೇಗಿದ್ದೀಯೆ? ಮಣಿಕಟ್ಟಿಗೆ ಹೊಸದಾಗಿ ಮಾಡಿಸಿಕೊಂಡ ಪಟ್ಟಿ ಒತ್ತುತ್ತಿಲ್ಲ ತಾನೆ? ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೆಂದು ನಿನ್ನ ಹೆಂಡತಿ ಕಳುಹಿಸಿದ ತಂತಿಯ ಕೊಕ್ಕೆ ಉಪಯೋಗಕ್ಕೆ ಬಂದಿತೋ, ಅಥವಾ ನಿನ್ನ ಮೇಜಿನ ಖಾನೆಯೊಳಗೆ ಮಲಗಿದೆಯೋ? ಬೂಟಿನೊಳಗಿನ ಆಧಾರ ಸವೆದಿದ್ದರೆ ಸಂಕೋಚಪಡದೆ ಬೇರೆ ಮಾಡಿಸಿಕೊ. ಹಡಗುಕಟ್ಟೆಯ ಕಬ್ಬಿಣದ ಮೆಟ್ಟಿಲುಗಳನ್ನು ಹತ್ತಿಳಿಯುವಾಗ ಪಕ್ಕದ ಕಂಬಿಯನ್ನು ಹಿಡಿದುಕೊ. ಯಾರು ನೋಡಿದರೂ ನೋಡಲಿ. ಯಂತ್ರಕ್ಕೆ ಕಿವಿಗೊಟ್ಟು ಅದರ ಕಾಯಿಲೆಯನ್ನು ಹೇಳುವವನು ನಿನ್ನಂಥವನು ಇನ್ನೊಬ್ಬನಿಲ್ಲವೆಂದು ನಿನ್ನ ಮೇಲಧಿಕಾರಿ ಹೊಗಳಿದ ಸಂಗತಿಯನ್ನು ನಿಮ್ಮಪ್ಪ ಬೀದಿಯ ಕೊನೆಯ ಕ್ಷೌರದಂಗಡಿಯವರೆಗೂ ಮುಟ್ಟಿಸಿ ಬಂದಿದ್ದಾರೆ. ಅದರ ಫಲವಾಗಿ, ಕಿರುಗುಟ್ಟುವ ತನ್ನ ಫ್ಯಾನಿಗೆ ಏನಾಗಿದೆಯೆಂದು ಮಗ ಬಂದಾಗ ಕೇಳಿ ಹೇಳಬೇಕೆಂದು ಕ್ಷೌರಿಕ ಬೇಡಿಕೆ ಸಲ್ಲಿಸಿದ್ದಾನೆ.

ಇಲ್ಲಿ ಎಲ್ಲರೂ ಕ್ಷೇಮ. ಈ ವಾಕ್ಯವನ್ನು ಎಲ್ಲರೂ ಎಲ್ಲ ಪತ್ರಗಳಲ್ಲಿಯೂ ಬರೆಯುತ್ತಾರೆ, ನಾನೂ ಬರೆದಿದ್ದೇನೆ. ಆದರೆ ಈ ಸಲ ಅದರ ಒಂದೊಂದು ಪದವನ್ನೂ ತೂಗಿ ಬರೆದಿದ್ದೇನೆಂದು ತಿಳಿ. ಮುಂದೆ ಬರುವ ಮಾತುಗಳಲ್ಲಿ ನಿನ್ನ ಎದೆ ಹೊಡೆದುಕೊಳ್ಳುವಂಥ ಒಂದೆರಡು ಕಡೆಗಳಿವೆ. ಅಲ್ಲಿ ನಿಲ್ಲಬೇಡ, ಪುಟ ಮಡಚಿ ರೈಲುನಿಲ್ದಾಣಕ್ಕೂ ಓಡಬೇಡ, ಕೊನೆಯವರೆಗೆ ಓದು. ದೂರವಾಣಿಯಲ್ಲಿ ಏಕೆ ಹೇಳಲಿಲ್ಲವೆಂದು ನೀನು ಕೇಳುತ್ತೀಯೆ. ಅದು ನಿನ್ನ ಮಗಳ ತೀರ್ಮಾನ. “ಫೋನಲ್ಲಿ ಹೇಳಿದ್ರೆ ಅಪ್ಪ ಮೊದಲನೇ ಮಾತಿಗೇ ಹೆದರಿಕೊಂಡು ಉಳಿದದ್ದು ಕೇಳಿಸ್ಕೊಳ್ಳೋದೇ ಇಲ್ಲ. ಅಜ್ಜಿ, ನೀನು ಬರಿ. ನೀನು ಬರೆದ್ರೆ ಯಾರಾದ್ರೂ ಕೊನೇ ತನಕ ಓದಲೇಬೇಕು, ಇಲ್ಲದಿದ್ರೆ ವಾಕ್ಯನೇ ಮುಗಿಯಲ್ಲ” ಎಂದಳು. ಇದು ಹೊಗಳಿಕೆಯೋ ಚೇಷ್ಟೆಯೋ ನಾನು ವಿಚಾರಿಸಲು ಹೋಗಲಿಲ್ಲ.

ನಿನ್ನ ಮಗಳು, ನಮ್ಮ ಮಿಂಚುಳ್ಳಿ, ಹುಟ್ಟು ಹಾಕುವುದನ್ನು ಕಲಿಯಲು ನದಿಯ ದೋಣಿಮನೆಗೆ ಸೇರಿ ಎರಡನೆಯ ವರ್ಷ ನಡೆಯುತ್ತಿರುವುದು ನಿನಗೆ ತಿಳಿದೇ ಇದೆ. ಅವಳಿಗೆ ಮಿಂಚುಳ್ಳಿಯೆಂದು ಹೆಸರಿಟ್ಟವನೂ ನೀನೇ. ಇಟ್ಟಾಗ ಅವಳಿಗೆ ನೀರೆಂದರೆ ಬಚ್ಚಲಮನೆಯ ಬಕೆಟ್ಟು ಮಾತ್ರವಾಗಿತ್ತು. ಈ ಬೇಸಗೆಯಲ್ಲಿ ನಾಲ್ವರು ಕುಳಿತು ಹುಟ್ಟು ಹಾಕುವ ಉದ್ದನೆಯ ದೋಣಿಗೆ ಹುಡುಗಿಯರನ್ನು ಆರಿಸುವ ಪಂದ್ಯವಿತ್ತು. ದೂರ ಎರಡು ಕಿಲೋಮೀಟರು. ನಡೆದರೆ ಸಾಧಾರಣವಾದ ಹಾದಿ. ಹುಟ್ಟು ಎಳೆದರೆ ಏಳೆಂಟು ನಿಮಿಷಗಳ ನರಕವಂತೆ. ಮೊದಲನೆಯ ನಿಮಿಷ ಕಳೆಯುತ್ತಲೇ ತೊಡೆಯೊಳಗೆ ಬೆಂಕಿ ಹತ್ತಿಕೊಳ್ಳುತ್ತದೆ, ಆಮೇಲೆ ಬೆನ್ನಿಗೆ, ಆಮೇಲೆ ಮುಂಗೈಗೆ ಎಂದು ಅವಳು ವರ್ಣಿಸುವುದನ್ನು ಕೇಳಿದರೆ, ಇಂಥದ್ದಕ್ಕೆ ಜನರು ತಾವಾಗಿ ಏಕೆ ಹೋಗುತ್ತಾರೆಂಬುದೇ ನನಗೆ ಅರ್ಥವಾಗುವುದಿಲ್ಲ.

ಅವಳ ತರಬೇತುಗಾರ್ತಿಯನ್ನು ನೀನು ನೋಡಿಲ್ಲ. ಮೂವತ್ತೈದರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ನದಿಯ ಆಚೆ ದಡದವರಿಗೆ ಕೇಳಿಸುವಂತೆ ಮಾತನಾಡಿ ಮಾತನಾಡಿ, ಕೋಣೆಯೊಳಗೂ ಹಾಗೆಯೇ ಮಾತನಾಡುವುದು ಅಭ್ಯಾಸವಾಗಿದೆ. ಆಕೆ ಆಯ್ಕೆಯ ಪಂದ್ಯಕ್ಕೆ ಎರಡು ತಿಂಗಳು ಮುಂಚೆ ಹುಡುಗಿಯರಿಗೆಲ್ಲ ಒಂದು ಬಿಳಿಯ ಪುಡಿಯನ್ನು ಕೊಟ್ಟಳು. ಅದರ ಹೆಸರು ಬೀಟಾ ಅಲನಿನ್. ಅಮೈನೋ ಆಮ್ಲಗಳ ಕುಟುಂಬಕ್ಕೆ ಸೇರಿದ್ದಂತೆ. ಆದರೆ ಉಳಿದ ದಾಯಾದಿಗಳ ಹಾಗೆ ಮಾಂಸಖಂಡವನ್ನು ಕಟ್ಟುವ ಕೆಲಸಕ್ಕೆ ಹೋಗದೆ, ಖಂಡದೊಳಗೆ ಸೇರಿಕೊಂಡು, ಜೋರಾಗಿ ದುಡಿದಾಗ ಅಲ್ಲಿ ಹುಟ್ಟುವ ಹುಳಿಯನ್ನು ತಗ್ಗಿಸುವ ಮತ್ತೊಂದು ವಸ್ತುವಾಗಿ ಮಾರ್ಪಡುತ್ತದಂತೆ. ಒಂದೇ ದಿನದಲ್ಲಿ ಏನೂ ಆಗುವುದಿಲ್ಲ. ವಾರಗಟ್ಟಲೆ ತೆಗೆದುಕೊಂಡರೆ ಬೆಂಕಿ ಹತ್ತಿಕೊಳ್ಳುವುದು ಒಂದಿಷ್ಟು ತಡವಾಗುತ್ತದೆ, ಅಷ್ಟೆ. ನಿಷಿದ್ಧ ಮದ್ದುಗಳೇನೂ ಬೆರೆತಿಲ್ಲವೆಂದು ಬೇರೆಯ ಪ್ರಯೋಗಾಲಯದವರು ಪರೀಕ್ಷಿಸಿದ ಡಬ್ಬವನ್ನೇ ಆಕೆ ತರಿಸಿದ್ದಳು. ದೊಡ್ಡ ಡಬ್ಬದಿಂದ ಒಬ್ಬೊಬ್ಬರಿಗೂ ಒಂದೊಂದು ಪೊಟ್ಟಣ ಹಂಚಿ, ಒಂದು ಪುಟ್ಟ ಚಮಚವನ್ನೂ ಇಟ್ಟು, ಮೇಲೊಂದು ಚೀಟಿ ಅಂಟಿಸಿದ್ದಳು: ದಿನಕ್ಕೆ ನಾಲ್ಕು ಸಲ, ಸಲಕ್ಕೆ ಒಂದು ಚಮಚ, ತಿಂಡಿ ಊಟಗಳ ಜೊತೆಗೆ.

ಇನ್ನು ನಮ್ಮ ಮನೆಯ ತಟ್ಟೆಯ ವಿಷಯ. ಕೈಕಾಲುಗಳ ಬಲ ಕುಗ್ಗಿಸುವ ನಿನ್ನ ನರದ ಕಾಯಿಲೆ ಗೊತ್ತಾದ ಹೊಸದರಲ್ಲಿ ನೀನು ಮಾತ್ರೆಗಳನ್ನು ಮರೆಯುತ್ತಿದ್ದೆಯೆಂದು ನಾನು ಆರಂಭಿಸಿದ ಪದ್ಧತಿ ಅದು. ನೀನು ಊರು ಬಿಟ್ಟ ಮೇಲೂ ನಿಂತಿಲ್ಲ. ಮನೆಯಲ್ಲಿ ಯಾರ ಔಷಧವೇ ಆಗಲಿ, ಬೆಳಗ್ಗೆ ನನ್ನ ಕೈಯಿಂದಲೇ ತಟ್ಟೆಗೆ ಬರಬೇಕು. ನಿಮ್ಮಪ್ಪನ ರಕ್ತದೊತ್ತಡದ ಮಾತ್ರೆ ಎಡಗಡೆ, ನಿನ್ನ ಹೆಂಡತಿಯ ಕಬ್ಬಿಣದ ಮಾತ್ರೆ ಬಲಗಡೆ, ನನ್ನದು ನಡುವೆ. ಸೊಸೆ ಮುಂಜಾನೆಯ ಪಾಳಿಯ ಬಸ್ಸು ಓಡಿಸಲು ಕತ್ತಲಲ್ಲೇ ಹೊರಡುವ ದಿನಗಳಲ್ಲಿಯೂ ಬಾಗಿಲ ಬಳಿ ನಿಂತು, “ಅತ್ತೆ, ಪ್ರಸಾದ” ಎಂದು ಕೈಯೊಡ್ಡುತ್ತಾಳೆ. ಹೀಗಿರುವಾಗ ಮೊಮ್ಮಗಳ ಪೊಟ್ಟಣವೂ ನನ್ನ ವಶಕ್ಕೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ಚೀಟಿಯನ್ನು ಓದಿದೆ. ಮುದ್ರಣಾಲಯದಲ್ಲಿ ಅಷ್ಟು ವರ್ಷ ಕರಡು ತಿದ್ದಿದವಳು ಚೀಟಿಯನ್ನು ಓದದೆ ಬಿಡುತ್ತೇನೆಯೆ? ಓದಿ, ಅದನ್ನು ಬರೆದವಳಿಗೆ ಮನೆಗಳು ನಡೆಯುವ ರೀತಿ ತಿಳಿಯದೆಂದು ತೀರ್ಮಾನಿಸಿದೆ. ನಾಲ್ಕು ಸಲವೆಂದರೆ ಮೂರು ಸಲ ಮರೆತಂತೆಯೇ. ಕಾಲೇಜಿನಲ್ಲಿ ಒಂದು, ದೋಣಿಮನೆಯಲ್ಲಿ ಒಂದು, ದಾರಿಯಲ್ಲಿ ಒಂದು ಎಂದು ಚಮಚ ಹಿಡಿದು ತಿರುಗುವ ಹುಡುಗಿಯನ್ನು ನಾನು ಕಾಣೆ. ಆದುದರಿಂದ ನಾಲ್ಕು ಚಮಚಗಳನ್ನೂ ಒಟ್ಟಿಗೆ ಒಂದು ಲೋಟ ನಿಂಬೆಯ ನೀರಿನಲ್ಲಿ ಕದಡಿ, ಅವಳು ಬೆಳಗ್ಗೆ ಅಭ್ಯಾಸಕ್ಕೆ ಹೊರಡುವ ಮುನ್ನ ಖಾಲಿ ಹೊಟ್ಟೆಗೆ ಕೊಡತೊಡಗಿದೆ. “ಉಳಿದದ್ದನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ” ಎಂದೂ ಹೇಳಿದೆ. ಉಳಿದ ಮೂರು ಚಮಚಗಳು ತನ್ನ ಊಟದೊಳಗೆ ಎಲ್ಲೋ ಬೆರೆತು ಬರುತ್ತಿವೆಯೆಂದು ಆ ಮಗು ನಂಬಿತು. ಮಗನೇ, ನಾನು ಓದದೆ ತಪ್ಪಿದವಳಲ್ಲ. ಓದಿ, ತಿದ್ದಿ ತಪ್ಪಿದವಳು.

ನಾಲ್ಕೈದು ದಿನ ಏನೂ ತಿಳಿಯಲಿಲ್ಲ. ಅವಳು ಲೋಟ ಬರಿದುಮಾಡಿ, ಚೀಲ ಹೆಗಲಿಗೇರಿಸಿ ಹೋಗುತ್ತಿದ್ದಳು. ಮರಳಿ ಬಂದಾಗ ಎಂದಿನಂತೆ ಇರುತ್ತಿದ್ದಳು. ಎಂದಿನಂತೆ ಇರುತ್ತಿದ್ದಳೆಂದು ನಾನು ಅಂದುಕೊಂಡಿದ್ದೆ. ಆಮೇಲೆ ಒಂದು ಬೆಳಗ್ಗೆ ಹೊರಟ ಸ್ವಲ್ಪ ಹೊತ್ತಿಗೇ ಹಿಂದಿರುಗಿದಳು. ಮರೆತ ವಸ್ತುವಿಗಾಗಿ ಬಂದಿರಬೇಕೆಂದುಕೊಂಡು ನಾನು ಒಲೆಯ ಮುಂದೆಯೇ ಇದ್ದೆ. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಬೋರಲಾಗಿಟ್ಟು, ಬೆರಳುಗಳನ್ನೇ ನೋಡುತ್ತಿದ್ದಳು. ಬಹಳ ಸಮಾಧಾನದ ಸ್ವರದಲ್ಲಿ ಕೇಳಿದಳು: “ಅಜ್ಜಿ, ಅಪ್ಪನಿಗೆ ಮೊದಲು ಎಲ್ಲಿಂದ ಶುರುವಾಯ್ತು? ಕೈಯಿಂದಾನಾ, ಕಾಲಿಂದಾನಾ?”

ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಅದನ್ನು ಒರೆಸುವ ನೆವದಲ್ಲಿ ನಾನು ಬೆನ್ನು ತಿರುಗಿಸಿಕೊಂಡೇ, ಏಕೆ ಕೇಳುತ್ತೀಯೆ ಎಂದೆ. ಅವಳು ಹೇಳಿದಳು. ಪ್ರತಿದಿನ ದೋಣಿಮನೆಯ ದಾರಿಯಲ್ಲಿ ಕಿವಿ, ಕುತ್ತಿಗೆ, ಕೈಗಳ ಹಿಂಭಾಗ, ಬೆರಳ ತುದಿಗಳು ಚುಮುಚುಮು ಎನ್ನುತ್ತವೆ. ಇರುವೆ ಹರಿದ ಹಾಗೆ, ಆಮೇಲೆ ಸೂಜಿಯಿಂದ ಮೀಟಿದ ಹಾಗೆ. ಒಂದು ಗಂಟೆಯಾದ ಮೇಲೆ ಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ. ಪುಡಿಯಿಂದ ಇರಬಹುದೇ ಎಂದು ಜೊತೆಯ ಹುಡುಗಿಯರನ್ನು ಮಾತಿನ ನಡುವೆ ಮೆಲ್ಲಗೆ ವಿಚಾರಿಸಿದ್ದಾಳೆ. ಯಾರಿಗೂ ಏನೂ ಇಲ್ಲ. ಸಣ್ಣ ಚಮಚಕ್ಕೆ ಏನೂ ಆಗುವುದಿಲ್ಲವೆಂದು ತರಬೇತುಗಾರ್ತಿ ಮೊದಲೇ ಹೇಳಿದ್ದಾಳೆ. “ಅವರೂ ನಾನೂ ಒಂದೇ ಪುಡಿ, ಒಂದೇ ಚಮಚ. ನನಗೊಬ್ಬಳಿಗೇ ಹೀಗಾಗುತ್ತೆ ಅಂದ್ರೆ ಅದು ಪುಡಿಯದಲ್ಲ, ಅಲ್ವಾ ಅಜ್ಜಿ?” ಎಂದಳು. ಆ ‘ಅಲ್ವಾ’ ಎಂಬಲ್ಲಿ ಮಾತ್ರ ಅವಳ ದನಿ ಒಡೆಯಿತು.

ಆಗ ನನಗೆ ಆ ಲೋಟದ ನೆನಪೇ ಬರಲಿಲ್ಲವೆಂದರೆ ನೀನು ನಂಬುತ್ತೀಯಾ? ನನ್ನ ಕಣ್ಣ ಮುಂದೆ ನಿಂತದ್ದು ನೀನು. ಲೇತ್ ಯಂತ್ರದ ಮುಂದೆ ನಿಂತು, ಕೈಯಿಂದ ಜಾರಿದ ಉಳಿಯನ್ನು ಎತ್ತಿಕೊಳ್ಳಲಾಗದೆ, ಬೆರಳುಗಳನ್ನು ಹೀಗೆಯೇ ನೋಡುತ್ತಿದ್ದ ನೀನು. ಮಕ್ಕಳಿಗೆ ಬರುವುದೂ ಬಾರದಿರುವುದೂ ಸಮಸಮವೆಂದು ನರವೈದ್ಯರು ಹೇಳಿದ ದಿನ ನೀನು ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ತೊಟ್ಟಿಲ ವಯಸ್ಸು ದಾಟದ ಈ ಮಗುವನ್ನು ಎತ್ತಿಕೊಂಡು ನಿಂತದ್ದು. ಅವಳಾಗಿ ಕೇಳುವ ತನಕ ಯಾರೂ ಅವಳಿಗೆ ಪರೀಕ್ಷೆ ಮಾಡಿಸಕೂಡದೆಂದು ನೀನು ಅಂದು ನಮ್ಮಿಂದ ಮಾತು ತೆಗೆದುಕೊಂಡಿದ್ದೆ. ಇಷ್ಟು ವರ್ಷ ಆ ಮಾತನ್ನು ಉಳಿಸಿಕೊಂಡೆವು. ಮಾತು ಉಳಿಸಿಕೊಂಡೆವೆಂದರೆ, ಅವಳು ಓಡುವಾಗ ಎಡವಿದರೆ, ಬರೆಯುವಾಗ ಕೈ ನೀವಿಕೊಂಡರೆ, ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಮಾತು ತೆಗೆಯುತ್ತಿದ್ದೆವು.

ಅವಳು ದೋಣಿಮನೆಗೆ ಹೋಗುವುದನ್ನು ನಿಲ್ಲಿಸಿದಳು. ಹೊಟ್ಟೆ ಸರಿಯಿಲ್ಲವೆಂದು ಹೇಳಿಕಳುಹಿಸಿದಳು. ನಿಂಬೆಯ ನೀರನ್ನೂ ಮುಟ್ಟಲಿಲ್ಲ, ಚುಮುಚುಮು ನಿಂತಿತು. ನಿಂತದ್ದು ಅವಳಿಗೆ ಸಮಾಧಾನ ಕೊಡಲಿಲ್ಲ, ಏಕೆಂದರೆ ದಿನವೂ ಹುಟ್ಟು ಎಳೆದು ದಣಿದ ಕೈಗೆ ಬರುತ್ತದೆ, ವಿಶ್ರಾಂತಿ ಕೊಟ್ಟರೆ ನಿಲ್ಲುತ್ತದೆ ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ನಿನ್ನ ಹೆಂಡತಿ ರಜೆ ಹಾಕಲಿಲ್ಲ. ಬಸ್ಸು ಓಡಿಸುತ್ತಿದ್ದರೆ ಕಣ್ಣು ರಸ್ತೆಯ ಮೇಲೆ ಇರಲೇಬೇಕು, ಅಳುವುದಕ್ಕಾಗದು, ಅದೇ ವಾಸಿ ಎಂದಳು. ನೀನು ದೂರವಾಣಿಯಲ್ಲಿ ಮಾತನಾಡಿಸಿದ ಸಂಜೆ ಎಲ್ಲರೂ ಚೆನ್ನಾಗಿದ್ದೇವೆಂದು ನಾನೇ ಹೇಳಿದೆ, ಅದು ನಿಜವಾಗಿರಲಿಲ್ಲ. ಆ ದಿನ ಮಿಂಚುಳ್ಳಿ ತಾಯಿಯ ಮುಂದೆ ನಿಂತು, “ಅಮ್ಮ, ನಾನು ಕೇಳ್ತಾ ಇದೀನಿ. ಟೆಸ್ಟ್ ಮಾಡ್ಸು” ಎಂದಳು. ಸೊಸೆ ನನ್ನ ಕಡೆ ನೋಡಿದಳು. ನಿನ್ನ ಷರತ್ತು ಪೂರೈಸಿತ್ತು. ನಿನ್ನನ್ನು ನೋಡುತ್ತಿದ್ದ ನರವೈದ್ಯರಲ್ಲಿಯೇ ಸಮಯ ಗೊತ್ತುಮಾಡಿದೆವು.

ಆ ಭೇಟಿಗೆ ಎರಡು ದಿನ ಇರುವಂತೆಯೇ ತರಬೇತುಗಾರ್ತಿ ಮನೆಗೆ ಬಂದಳು. ಬಾಗಿಲಿನಿಂದಲೇ ಕೂಗು: “ಎಲ್ಲಿ ಅವಳು? ದೋಣೀಲಿ ಮೂರು ಜನ ಕೂತ್ಕೊಂಡು ಗುಂಡಗೆ ತಿರುಗ್ತಾ ಇದಾರೆ!” ನಿಮ್ಮಪ್ಪ ಕಿವಿಯ ಮೇಲೆ ಕೈಯಿಟ್ಟುಕೊಂಡು, “ಮೆಲ್ಲಗೆ ತಾಯಿ, ನಾವು ಇದೇ ದಡದಲ್ಲಿದ್ದೀವಿ” ಎಂದರು. ಮಿಂಚುಳ್ಳಿ ಕೋಣೆಯಿಂದ ಬಂದಳು. ಇನ್ನು ಸುಳ್ಳು ಹೇಳುವ ತ್ರಾಣ ಅವಳಿಗಿರಲಿಲ್ಲ. ಎಲ್ಲವನ್ನೂ ಹೇಳಿದಳು; ನಿನ್ನ ಕಾಯಿಲೆಯ ಸಂಗತಿಯನ್ನೂ.

ಆ ಹೆಂಗಸು ಮೊದಲ ಬಾರಿಗೆ ಸಣ್ಣ ದನಿಯಲ್ಲಿ ಮಾತನಾಡಿದಳು. ಎಲ್ಲಿ ಚುಮುಚುಮು, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯುತ್ತದೆ, ಏನು ತಿಂದಿದ್ದೆ ಎಂದು ಒಂದೊಂದಾಗಿ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, “ಅಜ್ಜಿ, ಪುಡಿ ಹೇಗೆ ಕೊಡ್ತಾ ಇದ್ರಿ?” ಎಂದಳು. ನಾನು ಹೆಮ್ಮೆಯಿಂದಲೇ ಹೇಳಿದೆ. ನಾಲ್ಕು ಚಮಚ, ಬೆಳಗ್ಗೆ, ಬರಿಯ ಹೊಟ್ಟೆಗೆ, ಒಂದೂ ದಿನ ತಪ್ಪದಂತೆ. ಆಕೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು, ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾಳೆಂದು ಭಾವಿಸಿ ನಾನು ನೀರು ತರಲು ಎದ್ದೆ. ಆಕೆ ನಗುತ್ತಿದ್ದಳು. “ನಾಲ್ಕೂ ಒಟ್ಟಿಗೇ? ಅಜ್ಜಿ! ಅದನ್ನ ಒಟ್ಟಿಗೆ ಕೊಟ್ರೆ ಕುದುರೆಗೂ ಜುಮ್ಮನ್ನುತ್ತೆ! ಅದಕ್ಕೇ ತಾನೇ ನಾಲ್ಕು ಮಾಡಿದ್ದು!” ಒಮ್ಮೆಗೇ ಹೆಚ್ಚಾಗಿ ಹೊಟ್ಟೆಗೆ ಹೋದರೆ ಆ ಪುಡಿ ಚರ್ಮದ ನರಗಳನ್ನು ಕೆಣಕುತ್ತದಂತೆ, ಕಾಲು ಗಂಟೆಗೆ ಆರಂಭವಾಗಿ ಒಂದು, ಒಂದೂವರೆ ಗಂಟೆಯೊಳಗೆ ತಾನೇ ಅಡಗುತ್ತದೆ, ಹಾನಿಯೇನೂ ಇಲ್ಲ. ಸಣ್ಣ ಸಣ್ಣದಾಗಿ, ಊಟದ ಜೊತೆ ಕೊಟ್ಟರೆ ಗೊತ್ತೇ ಆಗುವುದಿಲ್ಲ.

ಮಿಂಚುಳ್ಳಿ ನಂಬಲಿಲ್ಲ. ಅವಳಿಗೆ ಸಮಾಧಾನ ಹೇಳಲೆಂದು ನಾವೆಲ್ಲ ಸೇರಿ ಕಟ್ಟಿದ ಕತೆಯೆಂದುಕೊಂಡಳು. ಆಗ ನಾನು ಒಳಗೆ ಹೋಗಿ ಅದೇ ಲೋಟದಲ್ಲಿ ಅದೇ ನಾಲ್ಕು ಚಮಚ ಕದಡಿಕೊಂಡು ಬಂದೆ. ತರಬೇತುಗಾರ್ತಿ, “ಬೇಡ ಅಜ್ಜಿ, ನಾನು ಕುಡೀತೀನಿ” ಎಂದು ಕೈ ಚಾಚುವಷ್ಟರಲ್ಲಿ ಕುಡಿದುಬಿಟ್ಟೆ. ಆಕೆಯೂ ತನಗೊಂದು ಲೋಟ ಬೆರೆಸಿಕೊಂಡಳು. ರಕ್ತದೊತ್ತಡದವರಿಗೆ ಬೇಡವೆಂದು ಸೊಸೆ ಪೊಟ್ಟಣವನ್ನು ಮಾವನಿಗೆ ಸಿಗದಂತೆ ಮೇಲಿಟ್ಟಳು. ಎಲ್ಲರೂ ಅಡುಗೆಮನೆಯ ಮೇಜಿನ ಸುತ್ತ ಕುಳಿತೆವು. ಗೋಡೆಯ ಗಡಿಯಾರವನ್ನು ನಾನು ಅಷ್ಟು ಗಮನವಿಟ್ಟು ಎಂದೂ ನೋಡಿರಲಿಲ್ಲ.

ಮೊದಲು ಕೂಗಿದವರು ನಿಮ್ಮಪ್ಪ. “ಬಂತು! ಬಂತು! ಕಿವೀಲಿ ಇರುವೆಗಳ ಮೆರವಣಿಗೆ!” ಎಂದು ಎದ್ದೇ ನಿಂತರು. ಏನೆಂದು ನೋಡಿದರೆ, ಯಾರೂ ನೋಡದಿದ್ದಾಗ ನನ್ನ ಲೋಟದ ಚಮಚವನ್ನು ನೆಕ್ಕಿದ್ದರಂತೆ. “ಅಜ್ಜ, ಅಷ್ಟಕ್ಕೆ ಏನೂ ಆಗಲ್ಲ” ಎಂದು ತರಬೇತುಗಾರ್ತಿ ಹೇಳಿದರೆ, “ನನ್ನ ಕಿವಿ ನನಗೆ ಗೊತ್ತಾ, ನಿನಗೆ ಗೊತ್ತಾ?” ಎಂದು ಜಗಳಕ್ಕೇ ನಿಂತರು. ಅಷ್ಟು ಹೊತ್ತಿಗೆ ನನ್ನ ಕಿವಿಯ ಹಾಲೆ ಬೆಚ್ಚಗಾಯಿತು. ಕೆನ್ನೆಯ ಮೇಲೆ ಏನೋ ಹರಿದಂತಾಯಿತು. ಕುತ್ತಿಗೆಯಿಂದ ಇಳಿದು ಮುಂಗೈಗೆ ಬಂತು, ಬೆರಳುಗಳ ಬೆನ್ನಿಗೆ ಬಂತು, ಕೆರೆದರೆ ಹೆಚ್ಚಾಯಿತು. ತರಬೇತುಗಾರ್ತಿಯ ಕುತ್ತಿಗೆಯೂ ಕೆಂಪೇರಿತ್ತು, ಆಕೆ ಕೆರೆದುಕೊಳ್ಳದಿರಲು ಕೈಗಳ ಮೇಲೆಯೇ ಕುಳಿತಿದ್ದಳು. ನನ್ನ ಮೊಮ್ಮಗಳು ನನ್ನೆರಡು ಕೈಗಳನ್ನೂ ಹಿಡಿದುಕೊಂಡು, “ಇಲ್ಲಿ? ಇಲ್ಲೂ? ಸೂಜಿ ಥರಾನಾ?” ಎಂದು ಒಂದೊಂದು ಬೆರಳನ್ನೂ ಕೇಳಿದಳು. ಹೌದು, ಹೌದು ಎನ್ನುತ್ತ ನಾನು ಅತ್ತೆ. ಸಂಕಟದಿಂದಲ್ಲ, ಇಷ್ಟನ್ನು ಆ ಮಗು ಪ್ರತಿದಿನ ಒಬ್ಬಳೇ ಹೊತ್ತುಕೊಂಡು ನದಿಯ ದಾರಿಯಲ್ಲಿ ನಡೆದಿತ್ತಲ್ಲ ಎಂದು. ಸೊಸೆಯೂ ಅತ್ತಳು. ಆಮೇಲೆ ಯಾರು ಮೊದಲು ನಕ್ಕರೋ ತಿಳಿಯದು. ಪಕ್ಕದ ಮನೆಯ ಟೈಲರ್ ಕಿಟಕಿಯಿಂದ ಇಣುಕಿ, ಏನು ವಿಶೇಷವೆಂದು ವಿಚಾರಿಸಿ ಹೋದ.

ಇಷ್ಟಾದ ಮೇಲೆ ವೈದ್ಯರ ಭೇಟಿಯನ್ನು ರದ್ದುಮಾಡೋಣವೆಂದು ನಾನು ಹೇಳಿದೆ. ಒಪ್ಪದವಳು ಮಿಂಚುಳ್ಳಿಯೇ. “ಚುಮುಚುಮು ಪುಡಿಯಿಂದ ಅಂತ ಗೊತ್ತಾಯ್ತು. ನನಗೆ ಅದು ಇಲ್ಲ ಅಂತ ಗೊತ್ತಾಗಲಿಲ್ಲವಲ್ಲ ಅಜ್ಜಿ. ಒಂದು ಸಲ ಕೇಳಿದ್ದಾಯ್ತು. ಇನ್ನು ಕೇಳದೇ ಇರೋಕೆ ನನ್ನ ಕೈಲಾಗಲ್ಲ.” ಗೊತ್ತುಮಾಡಿದ ದಿನವೇ ಅವಳನ್ನು ಕರೆದುಕೊಂಡು ಹೋದೆವು. ನೀನಿದ್ದಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಆಸ್ಪತ್ರೆಯ ಆ ಹಸಿರು ಕುರ್ಚಿಗಳು ಹಾಗೆಯೇ ಇವೆ. ಒಂದರ ಕಾಲು ಈಗಲೂ ಕುಂಟು. ಮಣಿಕಟ್ಟು, ಮೊಣಕೈ, ಪಾದಗಳಿಗೆ ಬಿಲ್ಲೆಗಳನ್ನು ಅಂಟಿಸಿ, ಪುಟ್ಟ ಪುಟ್ಟ ವಿದ್ಯುತ್ತಿನ ಪೆಟ್ಟು ಕೊಟ್ಟು, ಸಂಕೇತ ಎಷ್ಟು ಬೇಗ ಓಡುತ್ತದೆಯೆಂದು ಅಳೆದರು. ಪ್ರತಿ ಪೆಟ್ಟಿಗೂ ಹೆಬ್ಬೆರಳು ತಾನೇ ನೆಗೆಯುವುದನ್ನು ನೋಡಿ ಅವಳು, “ನೋಡಜ್ಜಿ, ನನ್ನ ಮಾತು ಕೇಳದವರು ಮನೇಲಿ ಇನ್ನೊಬ್ಬರಾದರು” ಎಂದಳು. ಅವಳ ತುಟಿ ಮಾತ್ರ ಬಿಳಿಚಿಕೊಂಡಿತ್ತು. ನರವೈದ್ಯರು ನಿನ್ನ ಹಳೆಯ ಪರೀಕ್ಷೆಯ ಪಟವನ್ನೂ ಅವಳ ಹೊಸ ಪಟವನ್ನೂ ಅಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಬಹಳ ಹೊತ್ತಲ್ಲವೆಂದು ಸೊಸೆ ಹೇಳುತ್ತಾಳೆ; ನನಗೆ ಬಹಳ ಹೊತ್ತು. ಆಮೇಲೆ ಕನ್ನಡಕ ತೆಗೆದು ಹೇಳಿದರು: “ನಿಮ್ಮಪ್ಪನಿಗಿರೋ ಬಗೆಯ ಕಾಯಿಲೆ ಬಂದಿದ್ರೆ, ತೊಂದರೆ ಯಾವ ವಯಸ್ಸಲ್ಲಾದ್ರೂ ಕಾಣಿಸಿಕೊಳ್ಳಲಿ, ನರದ ವೇಗ ಚಿಕ್ಕಂದಿನಿಂದಲೇ ತಗ್ಗಿರುತ್ತೆ. ಅವರದು ಸೈಕಲ್ ತಳ್ಳಿಕೊಂಡು ಹೋದ ಹಾಗಿದೆ. ನಿನ್ನದು ರೈಲು ಕಣಮ್ಮ. ನಿನಗೆ ಅದು ಇಲ್ಲ.” ಆದರೂ ಸಂದೇಹಕ್ಕೆ ಎಡೆಯುಳಿಯಬಾರದೆಂದು ರಕ್ತವನ್ನೂ ತೆಗೆದುಕೊಂಡರು. ನಿನ್ನ ರಕ್ತದಲ್ಲಿ ಕಂಡ ದೋಷ ಯಾವುದೆಂದು ಅವರಿಗೆ ಮೊದಲೇ ತಿಳಿದಿದ್ದುದರಿಂದ ಅದೊಂದನ್ನೇ ಹುಡುಕಿದರೆ ಸಾಕಿತ್ತು. ಆ ಫಲಿತಾಂಶ ಬರುವ ತನಕ ನಿನಗೆ ಏನನ್ನೂ ತಿಳಿಸಬಾರದೆಂದು ನಿರ್ಧರಿಸಿದೆವು. ಮೊನ್ನೆ ಶುಕ್ರವಾರ ಬಂದಿತು. ಆ ದೋಷ ಅವಳಲ್ಲಿ ಇಲ್ಲ.

ಇಲ್ಲ, ಮಗನೇ. ನಿನ್ನ ಮಗಳಿಗೆ ಅದು ಬಂದಿಲ್ಲ. ಮುಂದೆ ಬರುವುದೂ ಇಲ್ಲ. ಈ ವಾಕ್ಯಗಳನ್ನು ಎಷ್ಟು ಸಲ ಬೇಕಾದರೂ ಓದಿಕೊ.

ಹಾಗಾದ ಮರುದಿನವೇ, ಅಂದರೆ ನಿನ್ನೆ, ಆಯ್ಕೆಯ ಪಂದ್ಯ. ನಾಲ್ಕು ಚಮಚಗಳನ್ನು ನಾಲ್ಕು ಸಲವಾಗಿ, ಊಟದ ಜೊತೆಗೆ, ಈಗ ಅವಳೇ ತೆಗೆದುಕೊಳ್ಳುತ್ತಾಳೆ. ಪೊಟ್ಟಣ ನನ್ನ ತಟ್ಟೆಯಿಂದ ಬಿಡುಗಡೆ ಹೊಂದಿ ಅವಳ ಚೀಲ ಸೇರಿದೆ. ಒಂದು ಸಲವೂ ಮರೆತಿಲ್ಲ. ನಾನು ಕೇಳುವುದನ್ನೂ ಬಿಟ್ಟಿದ್ದೇನೆ, ಬಹುಮಟ್ಟಿಗೆ. ಪುಡಿಯ ಪ್ರಭಾವ ಎಷ್ಟೆಂದು ತರಬೇತುಗಾರ್ತಿಯನ್ನು ವಿಚಾರಿಸಿದರೆ, “ಉಪ್ಪಿನಷ್ಟು ಅಜ್ಜಿ. ಅಡುಗೆ ಅವಳದ್ದೇ” ಎಂದಳು. ನಾವು ಮೂವರೂ ದಡದ ಮೇಲೆ ನಿಂತಿದ್ದೆವು. ಆಯ್ಕೆಗಾಗಿ ಒಬ್ಬೊಬ್ಬಳೂ ಒಂದೊಂದು ದೋಣಿಯಲ್ಲಿ ಒಂಟಿಯಾಗಿ ಹುಟ್ಟು ಹಾಕಬೇಕಿತ್ತು; ಆ ದೋಣಿಗಳು ಮೊದಲು ದೂರದಲ್ಲಿ ಕಡ್ಡಿಗಳಂತೆ ಕಂಡವು. ಆಮೇಲೆ ಹುಟ್ಟುಗಳು ನೀರಿಗೆ ಬೀಳುವ ಸದ್ದು ಕೇಳಿಸಿತು. ಕೊನೆಯ ಭಾಗದಲ್ಲಿ ಅವಳ ಮುಖ ನೋಡಲಾಗದಷ್ಟು ಕಿವುಚಿಕೊಂಡಿತ್ತು. ನಿಮ್ಮಪ್ಪ ಛತ್ರಿಯನ್ನು ಬೀಸಿ ಬೀಸಿ ಪಕ್ಕದವರ ಟೋಪಿಯನ್ನು ನೀರಿಗೆ ಕೆಡವಿದರು. ಅವಳು ಮೂರನೆಯವಳಾಗಿ ಬಂದಳು. ನಾಲ್ವರ ದೋಣಿಯಲ್ಲಿ ಸ್ಥಾನ ಸಿಕ್ಕಿತು. ಇಳಿದವಳೇ ದಡದ ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡು, ಉಸಿರು ಸಿಕ್ಕಿದ ಮೇಲೆ ಹೇಳಿದ ಮೊದಲ ಮಾತು: “ಅಮ್ಮಾ, ಕೈಯೆಲ್ಲಾ ಉರೀತಿದೆ!” ಅದನ್ನು ಕೇಳಿ ನಾವು ಮೂವರೂ ನಕ್ಕೆವು. ಈ ಮನೆಯಲ್ಲಿ ಆ ಮಾತಿಗೆ ಯಾರಾದರೂ ನಗುತ್ತಾರೆಂದು ನಾನು ಎಣಿಸಿರಲಿಲ್ಲ.

ದೊಡ್ಡ ಪಂದ್ಯ ಮುಂದಿನ ತಿಂಗಳ ಕೊನೆಯ ಭಾನುವಾರ. ಇಷ್ಟು ದಿನ ಒಂದಲ್ಲ ಒಂದು ಕಾರಣ ಹೇಳಿ ನೀನು ಅವಳ ಯಾವ ಪಂದ್ಯಕ್ಕೂ ಬರಲಿಲ್ಲ. ಕಾರಣಗಳೆಲ್ಲ ನ್ಯಾಯವಾಗಿಯೇ ಇದ್ದವು. ಅವುಗಳ ಹಿಂದಿನ ಕಾರಣವನ್ನು ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಈಗ ಕೇಳುವ ಅಗತ್ಯವೂ ಇಲ್ಲ. ರಜೆಗೆ ಇಂದೇ ಬರೆದುಕೊಡು.

ನಿಮ್ಮಪ್ಪ ಆಶೀರ್ವಾದ ತಿಳಿಸಿದ್ದಾರೆ; ಅವರ ಕಿವಿ ಈಗಲೂ ಆಗಾಗ್ಗೆ ಚುಮುಗುಟ್ಟುತ್ತದಂತೆ, ನಾವು ವಾದಿಸುವುದನ್ನು ಬಿಟ್ಟಿದ್ದೇವೆ. ನಿನ್ನ ಹೆಂಡತಿ ಬೇರೆ ಪತ್ರ ಬರೆಯುತ್ತಾಳೆ. ನಿನ್ನ ಸಹೋದ್ಯೋಗಿಗಳಿಗೂ, ನಿನಗೆ ಊಟ ಬಡಿಸುವ ಆ ಮನೆಯೊಡತಿಗೂ ನನ್ನ ನಮಸ್ಕಾರಗಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ಒಳ್ಳೆಯದಾಗಲಿ.

ಇಂತು ನಿನ್ನ
ಅಮ್ಮ

ಮರೆತ ಮಾತು: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ, ನಿಮ್ಮಪ್ಪ ಅಂಚೆಪೆಟ್ಟಿಗೆಗೆ ಹಾಕಿಬರುತ್ತೇನೆಂದು ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ಮಿಂಚುಳ್ಳಿ ಈಗ ತಾನೆ ಹೇಳಿದಳು. ನೀನು ಪ್ರತಿ ಸಲ ಬರುವಾಗ ಬಿಗಿ ಮುಚ್ಚಳದ ಜೇನಿನ ಬಾಟಲಿ ತಂದು, “ತೆಗಿ ನೋಡೋಣ” ಎಂದು ಅವಳ ಕೈಗೆ ಕೊಡುತ್ತೀಯಲ್ಲ. ಅದು ಜೇನಿಗಾಗಿ ಅಲ್ಲವೆಂದು ಅವಳಿಗೆ ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ತಿಳಿದಿತ್ತಂತೆ. ಎಲ್ಲಿ ತೆಗೆಯಲಾಗದೆ ಹೋಗಿ ನೀನು ಕುಸಿದುಬಿಡುತ್ತೀಯೋ ಎಂದು, ನೀನು ಬರುವ ವಾರವೆಲ್ಲ ನನ್ನ ಅಡುಗೆಮನೆಯ ಬಾಟಲಿಗಳ ಮೇಲೆ ಅಭ್ಯಾಸ ಮಾಡುತ್ತಿದ್ದಳಂತೆ. ದೋಣಿಗೆ ಸೇರಿದ್ದೂ ಹಿಡಿತ ಗಟ್ಟಿಯಾಗಲೆಂದೇ, ಮೊದಮೊದಲು. ಅವಳಿಗೆ ಜೇನು ಇಷ್ಟವೂ ಇಲ್ಲವಂತೆ. ಆದುದರಿಂದ ಈ ಸಲ ಏನನ್ನೂ ತರಬೇಡ. ಬರಿಗೈಯಲ್ಲಿ ಬಾ.